ಜಾರಿಯಲ್ಲಿರುವ ನಿಯಮವನ್ನು ಗುರುತಿಸುವ ಕ್ರಮ: ಸಂರಕ್ಷಿತ ಸ್ಮಾರಕದ ಬಳಿಯ ಕಟ್ಟಡ ಪರವಾನಗಿ



ಸೊರಬ ತಾಲ್ಲೂಕಿನ ಕುಬಟೂರಿನಲ್ಲಿರುವ ಕೈಟಭೇಶ್ವರ ದೇವಾಲಯವು ಸುಮಾರು ಕ್ರಿ.ಶ. 1100ರ ಕಾಲದ್ದು. ಅದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ರಾಷ್ಟ್ರೀಯ ಮಹತ್ವದ ಸ್ಮಾರಕ. ಇಂತಹ ಸ್ಮಾರಕದ ಸಮೀಪ ನಿವೇಶನ ಹೊಂದಿರುವವರು ಮನೆ ಕಟ್ಟಲು ಅರ್ಜಿ ಸಲ್ಲಿಸಿದರೆ ಗ್ರಾಮ ಪಂಚಾಯಿತಿಯು ಯಾವ ನಿಯಮವನ್ನು ನೋಡಬೇಕು? ಈ ಒಂದು ಪ್ರಶ್ನೆಯನ್ನೇ ಹಿಡಿದು ನಿಯಮ ಹುಡುಕುವ ಕ್ರಮವನ್ನು ತಿಳಿಯೋಣ.

ಸಂರಕ್ಷಿತ ಸ್ಮಾರಕವಿರುವ ಬೇರೊಂದು ಊರಿನಲ್ಲಿ, ಕಡತದಲ್ಲಿದ್ದ ಹಳೆಯ ಸುತ್ತೋಲೆಯೊಂದನ್ನೇ ನಂಬಿ ಪರವಾನಗಿ ನೀಡಿದ್ದನ್ನು ನಾನು ಕಂಡಿದ್ದೇನೆ. ಅರ್ಜಿದಾರರು ಸಾಲ ಮಾಡಿ ತಳಪಾಯ ಮುಗಿಸಿದ ಮೇಲೆ ಕೆಲಸ ನಿಲ್ಲಿಸುವಂತೆ ನೋಟಿಸು ಬಂತು. ನಿಯಮ ಹುಡುಕದೇ ಹೋದದ್ದು ಪಂಚಾಯಿತಿ. ನಷ್ಟ ಅನುಭವಿಸಿದ್ದು ಆ ಕುಟುಂಬ.

1. ನಿಯಮಗಳ ಶ್ರೇಣಿ

ಅಧಿನಿಯಮವನ್ನು ಶಾಸಕಾಂಗ ರಚಿಸುತ್ತದೆ. ಅದರ ಅಡಿಯಲ್ಲಿ ಸರ್ಕಾರವು ನಿಯಮಗಳನ್ನು ರಚಿಸಿ ರಾಜ್ಯಪತ್ರದಲ್ಲಿ ಅಧಿಸೂಚಿಸುತ್ತದೆ. ಸರ್ಕಾರಿ ಆದೇಶ ಮತ್ತು ಸುತ್ತೋಲೆಗಳು ಇವುಗಳ ಅನುಷ್ಠಾನಕ್ಕೆ ಇರುವಂಥವು. ಅಧಿನಿಯಮ ನಿಷೇಧಿಸಿದ್ದನ್ನು ಯಾವ ಸುತ್ತೋಲೆಯೂ ಅನುಮತಿಸಲಾರದು. ಆದುದರಿಂದ ಸುತ್ತೋಲೆ ಕೈಗೆ ಬಂದಾಗ ‘ಇದು ಯಾವ ಪ್ರಕರಣದ ಅಡಿಯಲ್ಲಿ ಹೊರಟಿದೆ?’ ಎಂಬುದನ್ನು ಮೊದಲು ನೋಡತಕ್ಕದ್ದು.

2. ಮೂಲ ಪಠ್ಯ ದೊರೆಯುವ ಸ್ಥಳ

(ಅ) ರಾಜ್ಯದ ಅಧಿನಿಯಮಗಳು: ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನಾ ಇಲಾಖೆಯ ಜಾಲತಾಣ.
(ಆ) ಕೇಂದ್ರದ ಅಧಿನಿಯಮಗಳು: ‘ಇಂಡಿಯಾ ಕೋಡ್’ ಜಾಲತಾಣ.
(ಇ) ಅಧಿಸೂಚನೆಗಳು: ಕರ್ನಾಟಕ ರಾಜ್ಯಪತ್ರ ಮತ್ತು ಭಾರತ ಸರ್ಕಾರದ ಇ-ಗೆಜೆಟ್.
(ಈ) ಜಾಲತಾಣದಲ್ಲಿ ದೊರೆಯದಿದ್ದರೆ: ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಬಿ) ಪ್ರಕಾರ, ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತಾನು ಅನುಸರಿಸುವ ನಿಯಮ, ಸೂಚನೆ ಮತ್ತು ಕೈಪಿಡಿಗಳನ್ನು ತಾನಾಗಿಯೇ ಪ್ರಕಟಿಸಬೇಕು. ಈ ಕರ್ತವ್ಯ ನಮ್ಮ ಪಂಚಾಯಿತಿಗೂ ಅನ್ವಯಿಸುತ್ತದೆ.

3. ಜಾರಿಯಲ್ಲಿದೆಯೇ? ಮೂರು ಪರೀಕ್ಷೆಗಳು

ಮೊದಲನೆಯದು: ಕರಡೋ, ಅಂತಿಮವೋ? ಆಕ್ಷೇಪಣೆ ಆಹ್ವಾನಿಸುವ ಕರಡು ಅಧಿಸೂಚನೆ ನಿಯಮವಲ್ಲ.

ಎರಡನೆಯದು: ಮಸೂದೆಯೋ, ಅಧಿನಿಯಮವೋ? ಸ್ಮಾರಕಗಳ ಬಳಿ ಸಾರ್ವಜನಿಕ ಕಾಮಗಾರಿಗೆ ಅವಕಾಶ ನೀಡುವ ತಿದ್ದುಪಡಿ ಮಸೂದೆಯನ್ನು ಲೋಕಸಭೆ 2018ರ ಜನವರಿಯಲ್ಲಿ ಅಂಗೀಕರಿಸಿತು. ಆದರೆ ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಒಪ್ಪಿಸಿತು. ಆ ಮಸೂದೆ ಅಧಿನಿಯಮವಾಗಲಿಲ್ಲ. ಪತ್ರಿಕೆಯಲ್ಲಿ ಓದಿದ್ದೇ ಕಾನೂನು ಎಂದು ತಿಳಿಯಬಾರದು.

ಮೂರನೆಯದು: ಆನಂತರ ತಿದ್ದುಪಡಿಯಾಗಿದೆಯೇ? 1993ರ ನಮ್ಮ ‘ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ’ವು 2015ರ ತಿದ್ದುಪಡಿಯಿಂದ ‘ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ’ವಾಯಿತು. ಹಳೆಯ ಹೆಸರಿರುವ ಕಾಗದವನ್ನು ಇಂದಿನ ಪಠ್ಯದೊಡನೆ ತಾಳೆ ನೋಡಿಯೇ ಬಳಸಬೇಕು.

4. ನಮ್ಮ ಪ್ರಶ್ನೆಗೆ ಅನ್ವಯ

ಕಟ್ಟಡಕ್ಕೆ ಪಂಚಾಯಿತಿಯ ಲಿಖಿತ ಅನುಮತಿ ಬೇಕೆನ್ನುವುದು 1993ರ ಅಧಿನಿಯಮದ ಪ್ರಕರಣ 64. ಅದೊಂದನ್ನೇ ಓದಿ ನಿಲ್ಲಿಸಿದರೆ ತಪ್ಪಾಗುತ್ತದೆ. ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ತ್ವ ನಿವೇಶನಗಳು ಹಾಗೂ ಅವಶೇಷಗಳ ಅಧಿನಿಯಮ, 1958ಕ್ಕೆ 2010ರಲ್ಲಿ ಆದ ತಿದ್ದುಪಡಿಯನ್ನೂ ಓದಬೇಕು. ಅದರ ಪ್ರಕಾರ, ಸಂರಕ್ಷಿತ ಪ್ರದೇಶದ ಎಲ್ಲೆಯಿಂದ ಸುತ್ತಲೂ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆಯನ್ನು ದೇವಾಲಯದ ಗೋಡೆಯಿಂದಲ್ಲ, ಸಂರಕ್ಷಿತ ಪ್ರದೇಶದ ಎಲ್ಲೆಯಿಂದಲೇ ಹಿಡಿಯಬೇಕು.

ನಿಷೇಧಿತ ಪ್ರದೇಶದಲ್ಲಿ ಹೊಸ ಮನೆಗೆ ಅವಕಾಶವಿಲ್ಲ; ಸಮುದಾಯ ಭವನಕ್ಕೂ ಇಲ್ಲ. ಅಲ್ಲಿ 16-06-1992ಕ್ಕೆ ಮೊದಲೇ ಇದ್ದ ಮನೆಯ ದುರಸ್ತಿಗಾಗಿ, ಹಾಗೂ ನಿಯಂತ್ರಿತ ಪ್ರದೇಶದಲ್ಲಿ ಹೊಸ ನಿರ್ಮಾಣಕ್ಕಾಗಿ, ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಆ ಪ್ರಾಧಿಕಾರವು ಅರ್ಜಿಯನ್ನು 15 ದಿನಗಳೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಬೇಕು. ನಿಷೇಧಿತ ಪ್ರದೇಶದಲ್ಲಿ ಕಟ್ಟಿದವರಿಗೆ ಎರಡು ವರ್ಷಗಳವರೆಗೆ ಕಾರಾವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ವ್ಯಾಖ್ಯೆಗಳ ಪ್ರಕರಣವನ್ನು ಬಿಟ್ಟು ಓದಬಾರದು. ‘ನಿರ್ಮಾಣ’ ಎಂಬ ಪದದ ವ್ಯಾಖ್ಯೆಯಿಂದ ಚರಂಡಿ, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರು ಮತ್ತು ವಿದ್ಯುತ್ ಪೂರೈಕೆಯ ಕೆಲಸಗಳನ್ನು ಹೊರಗಿಡಲಾಗಿದೆ. ಇದನ್ನು ಓದದವರು ಊರಿನ ನೀರಿನ ಕೊಳವೆಯನ್ನೂ ‘ನಿಷೇಧಿತ’ವೆಂದು ಕೈಬಿಡುತ್ತಾರೆ. ಆದರೂ ಅಗೆಯುವ ಮುನ್ನ ಪುರಾತತ್ತ್ವ ಇಲಾಖೆಗೆ ಪತ್ರ ಬರೆದು ಲಿಖಿತ ಉತ್ತರ ಪಡೆಯುವುದು ಕ್ಷೇಮ.

5. ನಡಾವಳಿಯಲ್ಲಿ ದಾಖಲು

‘ನಿಯಮಾನುಸಾರ ತೀರ್ಮಾನಿಸಲಾಯಿತು’ ಎಂದಷ್ಟೇ ಬರೆದರೆ ಸಾಲದು. ಅಧಿನಿಯಮದ ಹೆಸರು, ಪ್ರಕರಣ, ಅಧಿಸೂಚನೆಯ ಸಂಖ್ಯೆ ಹಾಗೂ ದಿನಾಂಕ, ಮೂಲ ಪಠ್ಯವನ್ನು ಪರಿಶೀಲಿಸಿದ ದಿನಾಂಕ ಇವುಗಳನ್ನು ನಮೂದಿಸಿ, ಪ್ರತಿಯನ್ನು ಕಡತದಲ್ಲಿ ಇರಿಸತಕ್ಕದ್ದು. ‘ಯಾವ ನಿಯಮದ ಪ್ರಕಾರ?’ ಎಂದು ಸಭೆಯಲ್ಲಿ ಕೇಳುವುದು ಅವಿಶ್ವಾಸವಲ್ಲ, ಸದಸ್ಯರ ಕರ್ತವ್ಯ. ಉತ್ತರ ಕೊಡುವುದು ನನ್ನಂತಹ ಅಭಿವೃದ್ಧಿ ಅಧಿಕಾರಿಯ ಹೊಣೆ.

ಅಭ್ಯಾಸ

1. ತಮ್ಮ ಪಂಚಾಯಿತಿಯ ಕಟ್ಟಡ ಪರವಾನಗಿ ಕಡತದಿಂದ ಒಂದು ಸುತ್ತೋಲೆಯನ್ನು ಆರಿಸಿ, ಮೇಲಿನ ಮೂರು ಪರೀಕ್ಷೆಗಳಿಗೆ ಒಳಪಡಿಸಿರಿ.
2. ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 250 ಮೀಟರ್ ದೂರದ ನಿವೇಶನದಲ್ಲಿ ಹೊಸ ಮನೆ ಕಟ್ಟಲು ಬಂದ ಅರ್ಜಿಯ ಮೇಲೆ ಕೈಗೊಳ್ಳಬೇಕಾದ ನಡಾವಳಿಯನ್ನು ಬರೆಯಿರಿ.