ಇಂದಿನ ಧಮ್ಮಚಿಂತನೆ: ಉಸಿರಿಗೆ ಮೇಲೆ ಬಂದ ತಿಮಿಂಗಿಲ

 

ಸಿಂಧನೂರು, ಲಿಂಗಸುಗೂರು, ಮಸ್ಕಿಯ ನಮ್ಮ ಅಧ್ಯಯನ ಬಳಗದಲ್ಲಿ ಉದಾನದ ಉಪೋಸಥ ಸುತ್ತವನ್ನು ಎಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. ಓದಿದಾಗಲೆಲ್ಲ ನಾವು ನಿಲ್ಲುವುದು ಒಂದೇ ಕಡೆ. ನದಿಗಳು ಸಮುದ್ರ ಸೇರಿದ ಮೇಲೆ ಹಳೆಯ ಹೆಸರು ಕಳೆದುಕೊಳ್ಳುವ ಹಾಗೆ, ನಾಲ್ಕೂ ವರ್ಣದವರು ಸಂಘಕ್ಕೆ ಬಂದ ಮೇಲೆ ಹಳೆಯ ಹೆಸರು, ಗೋತ್ರ ಬಿಡುತ್ತಾರೆ ಎಂಬಲ್ಲಿ. ಅದು ಸಹಜವೇ. ಆ ಒಂದು ಮಾತಿಗಾಗಿಯೇ ದೀಕ್ಷೆ ತೆಗೆದುಕೊಂಡವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಆದರೆ ಭಗವಾನರು ಅಲ್ಲಿ ಸಮುದ್ರದ ಎಂಟು ಗುಣ ಹೇಳುತ್ತಾರೆ. ನದಿಗಳದ್ದು ನಾಲ್ಕನೆಯದು. ಎಂಟನೆಯದನ್ನು ನಾವು ಗಡಬಡಿಸಿ ಓದಿ ಪುಸ್ತಕ ಮುಚ್ಚುತ್ತಿದ್ದೆವು: ಸಮುದ್ರ ಮಹಾಜೀವಿಗಳ ಮನೆ, ಅಲ್ಲಿ ತಿಮಿ, ತಿಮಿಂಗಲ, ತಿಮಿತಿಮಿಂಗಲಗಳಿವೆ, ಹಾಗೆಯೇ ಧಮ್ಮದಲ್ಲಿ ಸೋತಾಪನ್ನ, ಸಕದಾಗಾಮಿ, ಅನಾಗಾಮಿ, ಅರಹಂತರಿದ್ದಾರೆ.

ತಿಮಿಯನ್ನು ನುಂಗುವುದು ತಿಮಿಂಗಲ. ಲಿಂಗಸುಗೂರಿನ ನಮ್ಮ ಗೆಳೆಯರೊಬ್ಬರು ಒಮ್ಮೆ, 'ಇಲ್ಲೂ ಮೇಲಿನವರು ಕೆಳಗಿನವರನ್ನ ನುಂಗೋದೇ ಐತಲ್ಲ ಸರ್' ಅಂದು ಎಲ್ಲರನ್ನೂ ನಗಿಸಿದ್ದರು. ನನಗೆ ಉತ್ತರ ಹೊಳೆಯಲಿಲ್ಲ. ನಾವು ಎಡದಂಡೆ ಕಾಲುವೆಯ ನೀರು ನೋಡಿ ಬೆಳೆದವರು. ಸಮುದ್ರವೇ ಕಂಡಿರಲಿಲ್ಲ, ತಿಮಿಂಗಿಲ ಎಲ್ಲಿಂದ ಬಂತು? ಪೇಪರಿನಲ್ಲಿ ಅದರ ಹೆಸರು ಬರುವುದೂ 'ತಿಮಿಂಗಿಲ ವಾಂತಿ' ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿಯಲ್ಲಿ ಮಾತ್ರ.

ಕಳೆದ ಫೆಬ್ರುವರಿಯಲ್ಲಿ ನಾವು ಹನ್ನೊಂದು ಜನ ಶ್ರೀಲಂಕಾ ಯಾತ್ರೆಗೆ ಹೋದೆವು. ಅಶೋಕನ ಮಗಳು ಸಂಘಮಿತ್ತೆ ಬೋಧಿವೃಕ್ಷದ ಟೊಂಗೆ ತಂದ ಅನುರಾಧಪುರ, ಮಗ ಮಹಿಂದ ಧಮ್ಮ ಹೇಳಿದ ಮಿಹಿಂತಲೆ, 1950ರಲ್ಲಿ ಬಾಬಾಸಾಹೇಬರು ಬೌದ್ಧ ಸಮ್ಮೇಳನಕ್ಕೆ ಬಂದಿದ್ದ ಕ್ಯಾಂಡಿ, ಎಲ್ಲ ಆಯಿತು. ಕೊನೆಗೆ ಒಂದು ದಿನ ಉಳಿಯಿತು. ದಕ್ಷಿಣ ತೀರದ ಮಿರಿಸ್ಸಾದಿಂದ ನೀಲಿ ತಿಮಿಂಗಿಲ ತೋರಿಸುವ ದೋಣಿಗಳು ಹೊರಡುತ್ತವೆ ಎಂದು ಗೊತ್ತಾಗಿ, ಎಂಟನೆಯ ಗುಣವನ್ನು ಕಣ್ಣಾರೆ ನೋಡೋಣ ಎಂದು ನಾನೇ ಹಟ ಹಿಡಿದು ಎಲ್ಲರನ್ನೂ ಕರೆದೊಯ್ದೆ. ನನ್ನ ಅಕ್ಕನೂ ಇದ್ದಳು. ಅರವತ್ತು ದಾಟಿದವಳು, ಸಿಂಧನೂರು ಕಡೆಯ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿ ಸೊಂಟ ಬಾಗಿದವಳು, ಅಕ್ಷರ ಬಾರದವಳು.

ಬೆಳಗಿನ ದೋಣಿ. ಅರ್ಧ ಜನರಿಗೆ ವಾಂತಿ. ಎರಡು ತಾಸಿನ ಮೇಲೆ ದೂರದಲ್ಲಿ ನೀರಿನ ಮೇಲೆ ಬಿಳಿ ಹೊಗೆಯಂಥದು ಎದ್ದಿತು. ಅದು ಅದರ ಉಸಿರು. ತಿಮಿಂಗಿಲ ಮೀನಲ್ಲ, ನಮ್ಮ ಹಾಗೆ ಶ್ವಾಸಕೋಶ ಇರುವ, ಮರಿಗೆ ಹಾಲೂಡುವ ಜೀವ. ನೀರಲ್ಲೇ ಇದ್ದರೂ ಗಾಳಿಗೆ ಮೇಲೆ ಬರಲೇಬೇಕು. ಕೆಲವು ಸಲ ಉಸಿರಾಡಿ, ಬಾಲ ಎತ್ತಿ ಮುಳುಗಿದರೆ ಮತ್ತೆ ಬರಲು ಹತ್ತು ನಿಮಿಷವೋ ಹೆಚ್ಚೋ ಬೇಕು. ಮೂವತ್ತು ಮೀಟರಿನವರೆಗೆ ಬೆಳೆಯುವ, ಭೂಮಿಯ ಮೇಲೆ ಈವರೆಗೆ ಹುಟ್ಟಿದ ಜೀವಗಳಲ್ಲೆಲ್ಲ ಭಾರವಾದ ಆ ಪ್ರಾಣಿಗೆ ಹಲ್ಲೇ ಇಲ್ಲ. ತಿನ್ನುವುದು ಬೆರಳುದ್ದವೂ ಇರದ ಸಿಗಡಿಯಂಥ ಜೀವಿಗಳನ್ನು.

ನೂರು ಮೀಟರ್ ದೂರ ನಿಲ್ಲಬೇಕೆಂಬ ನಿಯಮ ಆ ದೇಶದಲ್ಲಿದೆ. ಆದರೆ ಆ ಉಸಿರು ಕಂಡದ್ದೇ ತಡ, ಐದಾರು ದೋಣಿಗಳು ಒಂದೇ ಸಲ ಅತ್ತ ನುಗ್ಗಿದವು. ನಮ್ಮದು ಸ್ವಲ್ಪ ಹಿಂದೆ ಉಳಿಯಿತು. ನನ್ನ ಫೋನಿನಲ್ಲಿ ಬೂದು ಬೆನ್ನಿನ ಒಂದು ಗೆರೆ ಮಾತ್ರ ಬಂದಿತ್ತು. ಈಗ ಬರೆಯಲು ನಾಚಿಕೆ: ನಾನು ಸಾವಿರದ ಸಿಂಹಳ ನೋಟೊಂದನ್ನು ದೋಣಿಯ ಹುಡುಗನ ಕೈಗೆ ತುರುಕಿ, ಇನ್ನೂ ಹತ್ತಿರ ಹೋಗು ಅಂದೆ. ಹೋದೆವು. ಅದು ಎದ್ದ ಕಡೆಯೆಲ್ಲ ದೋಣಿಗಳು ಸುತ್ತುಗಟ್ಟಿದವು. ಎರಡು ಸಲ ಉಸಿರು ಬಿಟ್ಟು, ಮೂರನೆಯದಕ್ಕೆ ನಿಲ್ಲದೆ ಮುಳುಗಿಬಿಟ್ಟಿತು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಅಕ್ಕ ಹೊಡೆಯಲಿಲ್ಲ. 'ಸಾಕು ಮಾಡ್ರಿ ತಮ್ಮಾ. ಅದು ಉಸಿರಿಗೆ ಬಂದೈತಿ. ನಾವು ನೀರಿಗೆ ಹೋದಾಗ ಹಿಂಗ ಸುತ್ತ ನಿಂತು ನೋಡ್ತಿದ್ರು' ಅಂದಳು.

ನಮ್ಮೂರ ಬಾವಿಕಟ್ಟೆ ನಾವು ಹತ್ತುವಂತಿರಲಿಲ್ಲ. ಕೊಡ ಕೆಳಗಿಟ್ಟು, ಯಾರಾದರೂ ಮನಸ್ಸು ಬಂದು ಎತ್ತರದಿಂದ ಸುರಿಯುವವರೆಗೆ ನಿಲ್ಲಬೇಕು. ಅಕ್ಕನಿಗೆ ಆಗ ಹನ್ನೆರಡು ವರ್ಷ. ಕಟ್ಟೆಯ ಮೇಲೆ ಕುಂತವರು ನೋಡುತ್ತಿದ್ದರು, ನಗುತ್ತಿದ್ದರು. ಎಷ್ಟೋ ಸಲ ಆಕೆ ಖಾಲಿ ಕೊಡ ಹೊತ್ತು ಬಂದಿದ್ದಾಳೆ. ನಾನು ಆಗ ಕೂಸು, ಆಕೆ ತಂದ ನೀರು ಕುಡಿದವನು.

ಬರುವಾಗ ದೋಣಿಯಲ್ಲಿ ಕುಳಿತು ಪಂಚಶೀಲಗಳಲ್ಲಿ ನಾನು ಮುರಿದದ್ದು ಯಾವುದು ಎಂದು ಯೋಚಿಸಿದೆ. ಯಾರನ್ನೂ ಕೊಂದಿಲ್ಲ, ಮೊದಲನೆಯದು ಸರಿಯಿದೆ ಎಂದು ವಾದ ಮಾಡಬಹುದು. ನನಗೆ ಎರಡನೆಯದೇ ಮುರಿಯಿತು ಅನಿಸುತ್ತದೆ. ಕೊಡದೆ ಇದ್ದದ್ದನ್ನು ತೆಗೆದುಕೊಂಡೆ. ಅದರ ಮೂರನೆಯ ಉಸಿರು ನನಗೆ ಯಾರೂ ಕೊಟ್ಟಿರಲಿಲ್ಲ. ಇದು ಅತಿಯಾಯಿತು ಎನ್ನುವವರು ಬಳಗದಲ್ಲಿದ್ದಾರೆ. ಚರ್ಚೆ ಮಾಡೋಣ.

ಹಾಗೆ ದಾರಿ ಬಿಟ್ಟುಕೊಟ್ಟವರೂ ಇದ್ದಾರೆ. ಆ ತೀರದ ದಕ್ಷಿಣಕ್ಕೇ ದೊಡ್ಡ ಹಡಗುಗಳ ಹೆದ್ದಾರಿ ಇದೆ, ಡಿಕ್ಕಿಯಲ್ಲಿ ತಿಮಿಂಗಿಲಗಳು ಸಾಯುತ್ತವೆ. 2022ರಲ್ಲಿ ಎಂಎಸ್‌ಸಿ ಎಂಬ ಹಡಗು ಕಂಪನಿ ತನ್ನ ಹಡಗುಗಳ ದಾರಿಯನ್ನು ಇನ್ನೂ ದಕ್ಷಿಣಕ್ಕೆ ಸರಿಸಿತು. ಅವರಿಗಿಂತ ಬಹಳ ಹಿಂದೆ ನಮ್ಮ ಅಶೋಕ, ಪಟ್ಟಕ್ಕೆ ಬಂದು 26 ವರ್ಷವಾದ ಮೇಲೆ ಬರೆಸಿದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಕೊಟ್ಟಿದ್ದಾನೆ. ಅದರಲ್ಲಿ 'ಗಂಗಾಪುಪುಟಕ' ಎಂಬ ಹೆಸರಿದೆ. ಅದು ಗಂಗೆಯ ಡಾಲ್ಫಿನ್ ಎಂದು ವಿದ್ವಾಂಸರು ಹೇಳುತ್ತಾರೆ. ತಿಮಿಂಗಿಲದ ನೆಂಟನೇ ಅದು, ಉಸಿರಿಗೆ ಮೇಲೆ ಬರಲೇಬೇಕಾದದ್ದು.

ಊರಿಗೆ ಬಂದ ಮರುದಿನ ಅಕ್ಕನ ಜೊತೆ ಮಸ್ಕಿಯ ಶಾಸನದ ಹತ್ತಿರ ಹೋದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡದ್ದು, 'ದೇವಾನಂಪ್ರಿಯ'ನೇ ಅಶೋಕ ಎಂದು ಜಗತ್ತಿಗೆ ತಿಳಿಸಿಕೊಟ್ಟದ್ದು ಎಂದು ನಾವು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಆ ದಿನ ಹೆಸರಿನ ಮಾತು ಬಿಟ್ಟು ಅದರ ಕೊನೆಯ ಸಾಲುಗಳ ಅರ್ಥ ಹೇಳಿದೆ: ಈ ಧಮ್ಮದ ಫಲ ದೊಡ್ಡವರಿಗೆ ಮಾತ್ರ ಸಿಗುತ್ತದೆ ಎಂದು ತಿಳಿಯಬೇಡಿ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಬೇಕು. ಅಕ್ಕ ಕಲ್ಲನ್ನು ಬಹಳ ಹೊತ್ತು ನೋಡಿದಳು. 'ಇದನ್ನ ಮೊದಲ ಯಾಕ ಹೇಳಲಿಲ್ಲ?' ಅಂದಳು.

ಈ ಭಾನುವಾರ ಸಂಜೆ ಐದಕ್ಕೆ ಓದು ಮಸ್ಕಿಯಲ್ಲಿ ಅಕ್ಕನ ಮನೆಯಲ್ಲಿದೆ. ಎಲ್ಲರೂ ಉದಾನದ ಪುಸ್ತಕ ತರಬೇಕು. ಅಕ್ಕ ಹೇಳಿಕಳಿಸಿದ್ದಾಳೆ: 'ಏಳರ ತನಕ ನೀವು ಓದ್ರಿ, ಎಂಟನೇದು ನಾ ಹೇಳ್ತೀನಿ.'

ಜೈಭೀಮ್.