ಪಗಾರ ಚೀಟಿ ಇಲ್ಲದವನ ಜೀವನಾಂಶ

ಈ ಮಳೆಗಾಲದಲ್ಲಿ ನಾನು ಮೆಚ್ಚಿ ಓದಿದ ಪುಸ್ತಕಗಳೆಲ್ಲ ಒಂದೇ ಪ್ರಶ್ನೆಗೆ ತಂದು ನಿಲ್ಲಿಸಿದವು: ಸಂಸಾರ ಮುರಿದ ಮೇಲೆ ಹೆಂಡತಿ ಮಕ್ಕಳ ಖರ್ಚು ಯಾರದು? 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದ ಮೇಲೆ ಬಾನು ಮುಷ್ತಾಕ್ ಅವರ ಕಥೆಗಳನ್ನು ಮತ್ತೆ ಕೈಗೆತ್ತಿಕೊಂಡೆ. ‘ಕರಿ ನಾಗರಗಳು’ ಕಥೆಯಲ್ಲಿ ಗಂಡ ಬಿಟ್ಟುಹೋದ ತಾಯಿಯೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಅಂಗಳದಲ್ಲಿ ನ್ಯಾಯಕ್ಕಾಗಿ ಕಾಯುತ್ತಾಳೆ. ನ್ಯಾಯ ಬರುವಷ್ಟರಲ್ಲಿ ಕಾಯಿಲೆಯ ಕೂಸು ಉಳಿಯುವುದಿಲ್ಲ. ಗಿರೀಶ ಕಾಸರವಳ್ಳಿ ಅವರ ‘ಹಸೀನಾ’ ಚಿತ್ರದ ಮೂಲ ಇದೇ ಕಥೆ. ಬಾನು ಸ್ವತಃ ವಕೀಲೆ. ತಡವಾದ ಜೀವನಾಂಶ ಎಂದರೇನು ಎಂಬುದು ಅವರಿಗೆ ಕಾಗದದಿಂದ ಗೊತ್ತಾದದ್ದಲ್ಲ.

ಆಮೇಲೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಅದರ ನಿರೂಪಕ ಹೆಸರಿಗೆ ಮಸಾಲೆ ಕಂಪನಿಯ ನಿರ್ದೇಶಕ, ಮಾಡುವ ಕೆಲಸವಿಲ್ಲ. ಚಿಕ್ಕಪ್ಪನ ವ್ಯಾಪಾರದಿಂದ ತಿಂಗಳು ತಿಂಗಳು ಖಾತೆಗೆ ಬೀಳುವುದೇ ಅವನ ಸಂಬಳ. ಓದುತ್ತಾ ನನ್ನ ತಲೆ ಲೆಕ್ಕಕ್ಕಿಳಿಯಿತು. ಅವನ ಹೆಂಡತಿ ಅನಿತಾ ಜೀವನಾಂಶ ಕೇಳಿದ್ದರೆ ಅವನ ಆದಾಯ ಎಷ್ಟೆಂದು ಹಿಡಿಯಬೇಕಿತ್ತು? ಚಿಕ್ಕಪ್ಪ ದುಡ್ಡು ಹಾಕುವುದನ್ನು ನಿಲ್ಲಿಸಿದರೆ ಸಾಕು, ಕಾಗದದ ಮೇಲೆ ಅವನು ಬರಿಗೈಯವ.

ನಾನಿರುವ ಮಹಾರಾಷ್ಟ್ರದ ಖಡಕಿಯಲ್ಲಿ ಇದು ಬರೀ ಕಾದಂಬರಿಯ ಮಾತಲ್ಲ. ಇಲ್ಲಿ ಮದ್ದುಗುಂಡು ಕಾರ್ಖಾನೆಯ ನೌಕರರಿದ್ದಾರೆ, ಫೌಜಿನವರಿದ್ದಾರೆ, ಬಾಜಾರಿನ ವ್ಯಾಪಾರಿಗಳೂ ಇದ್ದಾರೆ. ನೌಕರನ ಪಗಾರ ಪೈಸೆ ಪೈಸೆಗೂ ಚೀಟಿಯಲ್ಲಿದೆ. ಸೈನಿಕನ ವೇತನದಿಂದಲಂತೂ ಹೆಂಡತಿ ಮಕ್ಕಳ ಪೋಷಣೆಗೆ ನೇರವಾಗಿ ಕಡಿತ ಮಾಡಲು 1950ರ ಸೇನಾ ಕಾಯ್ದೆಯಲ್ಲೇ ಅವಕಾಶವಿದೆ. ರೊಕ್ಕದಲ್ಲೇ ವ್ಯವಹಾರ ಮಾಡುವವನ ಗಳಿಕೆ ಮಾತ್ರ ಅವನು ಹೇಳಿದಷ್ಟು. ನಮ್ಮ ಬಳಗದ ಹುಡುಗಿಯೊಬ್ಬಳ ಕಡತ ಹಿಡಿದು ನಾನೂ ಓಡಾಡಿದವಳು. ಅವಳಿಗೆ ಮಧ್ಯಂತರ ಆದೇಶ ಸಿಗುವಷ್ಟರಲ್ಲಿ ಬಾಲವಾಡಿಯಲ್ಲಿದ್ದ ಮಗ ಒಂದನೇ ಇಯತ್ತೆಗೆ ಬಂದಿದ್ದ. “ಅಕ್ಕಾ, ಪಗಾರ ಚೀಟಿ ಇದ್ದಾರಿಗೊಂದ ಕಾಯ್ದೆ, ಇಲ್ಲದಾರಿಗೊಂದ ಕಾಯ್ದೆ ಏನ?” ಎಂದು ಅವಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಕಾಯ್ದೆಯ ಅಳತೆಗೋಲು ತಪ್ಪಿಲ್ಲ ಎಂದೇ ನಾನು ನಂಬುತ್ತೇನೆ. ಹಿಂದೂ ವಿವಾಹ ಕಾಯ್ದೆಯ 24 ಮತ್ತು 25ನೇ ಕಲಂಗಳಡಿ ಗಂಡನೂ ಕೇಳಬಹುದು, ಹೆಂಡತಿಯೂ ಕೇಳಬಹುದು. ನಿವ್ವಳ ಸಂಬಳದ ಶೇ 25 ನ್ಯಾಯಯುತ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗಂಡನ ಆಸ್ತಿಗೆ ಸರಿಸಮ ಮಾಡುವುದಕ್ಕಲ್ಲ ಜೀವನಾಂಶ ಎಂದು 2024ರಲ್ಲಿ ಹೇಳಿತು, ಅದೂ ಸರಿಯೇ. ಗಂಡಸರಿಗೆ ಅನ್ಯಾಯವಾಗುತ್ತಿದೆ ಎನ್ನುವವರ ಮಾತಿನಲ್ಲೂ ಒಂದು ಸತ್ಯವಿದೆ: ಪ್ರಾಮಾಣಿಕ ಸಂಬಳದಾರ ಪೂರ್ತಿ ಕೊಡುತ್ತಾನೆ, ಗಳಿಕೆ ಮುಚ್ಚಿಟ್ಟವನು ಪಾರಾಗುತ್ತಾನೆ. ಇದನ್ನು ತಡೆಯಲೆಂದೇ 2020ರ ನವೆಂಬರಿನಲ್ಲಿ, ಮಹಾರಾಷ್ಟ್ರದಿಂದಲೇ ಹೋದ ರಜನೀಶ್–ನೇಹಾ ಪ್ರಕರಣದಲ್ಲಿ, ಇಬ್ಬರೂ ಆಸ್ತಿ ಮತ್ತು ಸಾಲಗಳ ಪ್ರಮಾಣಪತ್ರ ಸಲ್ಲಿಸಲೇಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಸಲ್ಲಬೇಕು ಎಂದು ಕೋರ್ಟ್ ವಿಧಿಸಿತು. ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಕೂಡ ಮಧ್ಯಂತರ ಅರ್ಜಿಯನ್ನು ಸಾಧ್ಯವಾದಷ್ಟೂ ನೋಟಿಸ್ ಮುಟ್ಟಿದ 60 ದಿನಗಳಲ್ಲಿ ಮುಗಿಸಿ ಎನ್ನುತ್ತದೆ. ಸುಳ್ಳು ಪ್ರಮಾಣಪತ್ರಕ್ಕೆ ಶಿಕ್ಷೆಯಾಗದೆ, ಆ ಅರವತ್ತು ದಿನ ನಿಜವಾಗದೆ, ಈ ಕಾಯ್ದೆ ನ್ಯಾಯದ್ದೆಂದು ನಾನು ಒಪ್ಪಲಾರೆ.

ತೆರಿಗೆಯದ್ದೂ ಒಂದು ಮಾತು. ಇಡಿಗಂಟಾಗಿ ಬಂದ ಜೀವನಾಂಶ ಬಂಡವಾಳ, ತಿಂಗಳ ಕಂತು ಆದಾಯ ಎಂದು ಬಾಂಬೆ ಹೈಕೋರ್ಟ್ 1980ರ ದಶಕದಲ್ಲೇ ತೀರ್ಪಿತ್ತಿದೆ. ರಾಜಿಗೆ ಕೂರುವ ಮುನ್ನ ಈ ವ್ಯತ್ಯಾಸವನ್ನು ಲೆಕ್ಕಪರಿಶೋಧಕರಿಂದ ಬಿಡಿಸಿಕೊಳ್ಳಿ.

ಹೆಣ್ಣುಮಕ್ಕಳಲ್ಲಿ ನನ್ನ ಕೋರಿಕೆ ಇಷ್ಟು: ಸಂಸಾರ ಚೆನ್ನಾಗಿರುವಾಗಲೇ ಮನೆಯವರ ತೆರಿಗೆ ರಿಟರ್ನ್, ಬ್ಯಾಂಕ್ ಪಾಸ್‌ಬುಕ್, ನಿಮ್ಮ ಒಡವೆಯ ರಸೀದಿ, ಮಕ್ಕಳ ಫೀಸಿನ ಪಾವತಿ, ಎಲ್ಲದರ ಒಂದೊಂದು ಪ್ರತಿಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ.