ಮಟ್ಟ ಬದಲಿಸುವ ಮುನ್ನ

ತಮ್ಮಾ, ಸರ್ವರ್ ನೋಡಿಕೊಳ್ಳುವ ಕೆಲಸ ಸಿಕ್ಕಿದ್ದು ಕೇಳಿ ಖುಷಿಯಾಯಿತು. ಹೊಸಪೇಟೆಯಲ್ಲಿ ಕೂತು ಸಂಡೂರು, ಕಂಪ್ಲಿಯ ಯಂತ್ರಗಳನ್ನು ನಡೆಸಬೇಕಾದವನು ನೀನು. ಲಿನಕ್ಸ್‌ನ ರನ್‌ಲೆವೆಲ್, ಅಂದರೆ ಯಂತ್ರ ಯಾವ ಸ್ಥಿತಿಯಲ್ಲಿ ನಡೆಯಬೇಕೆಂದು ಹೇಳುವ ಮಟ್ಟದ ಬಗ್ಗೆ ಒಂದು ಮಾತು ಕೇಳು.

ಹಳೆಯ ಪದ್ಧತಿಯಲ್ಲಿ 0 ಅಂದರೆ ಯಂತ್ರ ಆರಿಸುವುದು, 1 ಅಂದರೆ ದುರಸ್ತಿಯ ಸ್ಥಿತಿ, 6 ಅಂದರೆ ರೀಬೂಟ್. ರೆಡ್‌ಹ್ಯಾಟ್ ಬಳಗದಲ್ಲಿ 3 ಅಂದರೆ ನೆಟ್‌ವರ್ಕ್ ಸಹಿತ ಬರೀ ಟರ್ಮಿನಲ್, 5 ಅಂದರೆ ಡೆಸ್ಕ್‌ಟಾಪ್ ಕೂಡ. ಡೆಬಿಯನ್‌ನಲ್ಲಿ 2ರಿಂದ 5ರವರೆಗೆ ವ್ಯತ್ಯಾಸವೇ ಇರಲಿಲ್ಲ. ಹಾಗಾಗಿ ಅಂಕಿ ಬಾಯಿಪಾಠ ಮಾಡಿದರೆ ಸಾಲದು. 2010ರಲ್ಲಿ ಸಿಸ್ಟಮ್‌ಡಿ ಎಂಬ ಹೊಸ ಪದ್ಧತಿ ಬಂದಿತು. ಅದರಲ್ಲಿ ಅಂಕಿಗಳ ಬದಲು ಹೆಸರಿರುವ ಟಾರ್ಗೆಟ್‌ಗಳು: 1ಕ್ಕೆ ರೆಸ್ಕ್ಯೂ, 3ಕ್ಕೆ ಮಲ್ಟಿ-ಯೂಸರ್, 5ಕ್ಕೆ ಗ್ರಾಫಿಕಲ್ ಟಾರ್ಗೆಟ್.

‘ಸಿಸ್ಟಮ್‌ಸಿಟಿಎಲ್ ಐಸೋಲೇಟ್’ ಎಂದು ಒತ್ತಿದರೆ ಹೊಸ ಟಾರ್ಗೆಟ್‌ಗೆ ಬೇಡದ ಸೇವೆಗಳೆಲ್ಲ ಆಗಲೇ ನಿಲ್ಲುತ್ತವೆ. 5ರಿಂದ 3ಕ್ಕೆ ಇಳಿಸಿದರೆ ಡೆಸ್ಕ್‌ಟಾಪ್‌ನಲ್ಲಿ ಸೇವ್ ಮಾಡದೆ ಬಿಟ್ಟ ಕೆಲಸ ಹೋಯಿತೆಂದೇ ಲೆಕ್ಕ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಡುವ ಮುಂಚೆ ನದಿಪಾತ್ರದವರಿಗೆ ಎಚ್ಚರಿಕೆ ಕೊಡುತ್ತಾರಲ್ಲ? ಹೊರಹರಿವು ಏರಿದರೆ ಕಂಪ್ಲಿ ಸೇತುವೆ ಮುಳುಗುತ್ತದೆಂದು ನೀರು ಬಿಡುವವರಿಗೆ ಗೊತ್ತು. ನೀನೂ ಹಾಗೇ ಮಾಡು. ‘ಹೂ’ ಕಮಾಂಡ್‌ನಿಂದ ಯಾರು ಲಾಗಿನ್ ಆಗಿದ್ದಾರೆ ನೋಡು, ‘ವಾಲ್’ನಿಂದ ಸುದ್ದಿ ಮುಟ್ಟಿಸು. ಡೆಸ್ಕ್‌ಟಾಪ್‌ನಲ್ಲಿರುವವರಿಗೆ ಆ ಸುದ್ದಿ ಕಾಣದಿರಬಹುದು. ಅವರಿಗೆ ಫೋನ್ ಮಾಡು. ಕೆಲಸ ಉಳಿಸಿಕೊಳ್ಳಲು ಹೊತ್ತು ಕೊಡು.

ದೂರದ ಯಂತ್ರವನ್ನು ರೆಸ್ಕ್ಯೂಗೆ ಇಳಿಸಬೇಡ. ನೆಟ್‌ವರ್ಕ್ ನಿಂತು ನಿನ್ನ ಎಸ್‌ಎಸ್‌ಎಚ್ ಸಂಪರ್ಕವೂ ಕಡಿಯುತ್ತದೆ. ಆಮೇಲೆ ಸಂಡೂರಿನ ಬಸ್ ಹಿಡಿಯುವುದೇ ದಾರಿ. ಆ ದುರಸ್ತಿಯನ್ನು ಯಂತ್ರದ ಮುಂದೆ ಕೂತೇ ಮಾಡಬೇಕು, ರೂಟ್ ಪಾಸ್‌ವರ್ಡ್ ಗೊತ್ತಿರಬೇಕು.

ಇನ್ನೊಂದು. ಲಿನಕ್ಸ್‌ನ ಬರೀ ಕನ್ಸೋಲ್‌ನಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡುವುದಿಲ್ಲ, ಒತ್ತಕ್ಷರ ಜೋಡಿಸುವ ಶಕ್ತಿ ಅದಕ್ಕಿಲ್ಲ. ಕಡತಗಳ ಹೆಸರು ಕನ್ನಡದಲ್ಲಿದ್ದರೆ ಎಸ್‌ಎಸ್‌ಎಚ್ ಮೂಲಕ ನಿನ್ನ ಡೆಸ್ಕ್‌ಟಾಪ್ ಟರ್ಮಿನಲ್‌ನಿಂದಲೇ ನೋಡು.

ಐಸೋಲೇಟ್ ಮಾಡಿದ್ದು ಮುಂದಿನ ರೀಬೂಟ್‌ವರೆಗೆ ಮಾತ್ರ. ‘ಸೆಟ್-ಡೀಫಾಲ್ಟ್’ ಮಾಡಿದ್ದು ಪ್ರತಿ ಬೂಟ್‌ಗೂ ಅನ್ವಯಿಸುತ್ತದೆ. ರೀಬೂಟ್ ಟಾರ್ಗೆಟ್ ಡೀಫಾಲ್ಟ್ ಆಗಿಬಿಟ್ಟರೆ ಯಂತ್ರ ಎದ್ದು ಎದ್ದು ಬೀಳುತ್ತಲೇ ಇರುತ್ತದೆ. ಹಾಗಾದರೆ ಹೆದರಬೇಡ: ಗ್ರಬ್ ಪರದೆಯಲ್ಲಿ ಕರ್ನೆಲ್ ಸಾಲಿನ ಕೊನೆಗೆ 3 ಎಂದು ಸೇರಿಸಿ ಬೂಟ್ ಮಾಡು, ಒಳಗೆ ಹೋಗಿ ಸರಿಪಡಿಸು.

ಅದಕ್ಕೇ ಹೇಳುವುದು, ‘ಗೆಟ್-ಡೀಫಾಲ್ಟ್’ ಕೊಟ್ಟ ಉತ್ತರವನ್ನು ಮೊದಲು ಬರೆದಿಟ್ಟುಕೋ. ಐಸೋಲೇಟ್‌ನಿಂದ ಪರೀಕ್ಷಿಸು, ಎಲ್ಲರ ಕೆಲಸ ನಡೆಯುತ್ತಿದೆಯೇ ಕೇಳು. ಹೌದೆಂದ ಮೇಲಷ್ಟೇ ಕಾಯಂ ಮಾಡು.